ಗಡಿಯಾರ ಯಾರ ಕೈಲಿದೆ? ಓಟಿ ಲೆಕ್ಕ, ಮೊದಲಿಂದ

"ಐದೂವರೆಗೆ ಥಂಬ್ ಹಾಕಿಬಿಡಿ, ಆಮೇಲೆ ಈ ಬಂಡಲ್ ಮುಗಿಸಿಕೊಟ್ಟು ಹೋಗಿ." ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಮೈಸೂರು ರಸ್ತೆಯ ಗಾರ್ಮೆಂಟ್ಸಿನಲ್ಲೋ ದುಡಿದವರಿಗೆ ಈ ಮಾತು ಹೊಸದಲ್ಲ. ಥಂಬ್ ಹಾಕುವುದು ಅಂದರೆ ಹಾಜರಿ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಇವತ್ತಿನ ಕೆಲಸ ಮುಗೀತು ಅಂತ ತೋರಿಸುವುದು. ಕೇಳೋಕೆ ಸಣ್ಣ ಮಾತು. ಆದರೆ ಇದರೊಳಗೆ ಎರಡು ತಪ್ಪಿವೆ. ದುಡಿಸಿಕೊಂಡ ಹೊತ್ತಿಗೆ ದುಡ್ಡಿಲ್ಲ, ಅದು ಒಂದು. ಆ ಹೊತ್ತು ನಡೆದೇ ಇಲ್ಲ ಅಂತ ಹಾಜರಿ ಪುಸ್ತಕ ಹೇಳುತ್ತದೆ, ಅದು ಇನ್ನೊಂದು. ನನ್ನ ಪ್ರಕಾರ ಎರಡನೆಯದೇ ದೊಡ್ಡದು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಇದನ್ನೆಲ್ಲ ಬರೆಯೋಕೆ ಕಾರಣ ಇದೆ. 2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು (ಲೇಬರ್ ಕೋಡ್) ಜಾರಿಗೆ ಬಂದಿವೆ. ಎಂಟು ಗಂಟೆ, ಹನ್ನೆರಡು ಗಂಟೆ, ವಾರಕ್ಕೆ ನಾಲ್ಕೇ ದಿನ ಕೆಲಸ ಅಂತ ವಾಟ್ಸಾಪಿನಲ್ಲಿ ಏನೇನೋ ಓಡಾಡುತ್ತಿದೆ. ಅರ್ಧ ನಿಜ, ಅರ್ಧ ಗಾಳಿ. ಅದಕ್ಕೇ ಬುಡದಿಂದ ನೋಡೋಣ.

ಓಟಿ ಅಂದರೆ ಏನು?

ಓಟಿ, ಅಂದರೆ ಓವರ್‌ಟೈಮ್. ಕಾನೂನು ನಿಗದಿ ಮಾಡಿದ ಗಂಟೆ ಮುಗಿದ ಮೇಲೂ ದುಡಿದ ಹೊತ್ತು. ಅದಕ್ಕೆ ಸಾಮಾನ್ಯ ಕೂಲಿಯ ಎರಡು ಪಟ್ಟು ಕೊಡಬೇಕು. ಜನ ಇದನ್ನು 'ಡಬಲ್ ಓಟಿ' ಅನ್ನುತ್ತಾರೆ. ಹಾಗಾದರೆ 'ಸಿಂಗಲ್ ಓಟಿ' ಅಂತ ಒಂದಿದೆಯಾ? ಬಾಯಿಮಾತಿನಲ್ಲಿ ಇದೆ, ಕಾಯ್ದೆಯಲ್ಲಿ ಇಲ್ಲ. ಮಿತಿ ದಾಟಿದ ಗಂಟೆಗೆ ಮಾಮೂಲಿ ದರದಲ್ಲೇ ಕೊಟ್ಟು 'ಸಿಂಗಲ್ ಓಟಿ ಕೊಟ್ಟಿದ್ದೇವೆ' ಅಂದರೆ ಅರ್ಧ ಬಾಕಿ ಇಟ್ಟುಕೊಂಡಿದ್ದೇವೆ ಅಂತಲೇ ಅರ್ಥ.

ಡಬಲ್ ಯಾಕೆ ಅನ್ನುವುದಕ್ಕೆ ಬೆಂಗಳೂರಿನ ಆಟೊ ನೆನಪು ಮಾಡಿಕೊಳ್ಳಿ. ರಾತ್ರಿ ಹತ್ತಾದ ಮೇಲೆ ಮೀಟರ್ ಮೇಲೆ ಒಂದೂವರೆ. ಹೊತ್ತಲ್ಲದ ಹೊತ್ತಿಗೆ ದರ ಜಾಸ್ತಿ ಅಂತ ನಾವು ಒಪ್ಪಿಕೊಂಡಿದ್ದೇವೆ, ಅಲ್ವಾ? ಓಟಿಯೂ ಹಾಗೇ. ಮನೆಗೆ ಹೋಗಬೇಕಾದ ಹೊತ್ತಿನ ಬೆಲೆ ಅದು. ಇದರ ಹಿಂದೆ ಇನ್ನೊಂದು ಲೆಕ್ಕಾಚಾರವೂ ಇದೆ. ಹತ್ತು ಜನರನ್ನು ಹನ್ನೆರಡು ಗಂಟೆ ದುಡಿಸುವುದಕ್ಕಿಂತ ಹದಿನೈದು ಜನರನ್ನು ಎಂಟು ಗಂಟೆ ದುಡಿಸುವುದು ಮಾಲೀಕರಿಗೆ ಅಗ್ಗವಾಗಬೇಕು. ಓಟಿ ದುಬಾರಿ ಆಗಿದ್ದರೆ ಮಾತ್ರ ಅದು ಸಾಧ್ಯ.

ಎಲ್ಲ ದೇಶದಲ್ಲೂ ಡಬಲ್ ಇಲ್ಲ. ದುಬೈನಲ್ಲಿರುವ ನಮ್ಮ ಕರಾವಳಿಯವರಿಗೆ ಹಗಲು ಓಟಿ ಒಂದೂಕಾಲು ಪಟ್ಟು, ರಾತ್ರಿ ಹತ್ತರಿಂದ ಬೆಳಗಿನ ನಾಲ್ಕರೊಳಗೆ ಆದರೆ ಒಂದೂವರೆ. ಅಮೆರಿಕದಲ್ಲಿ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ. ಕಾಗದದ ಮೇಲೆ ನಮ್ಮದೇ ಜಾಸ್ತಿ. ಕಾಗದದ ಮೇಲೆ ಅಂತ ಒತ್ತಿ ಹೇಳಬೇಕು.

ಎಂಟು, ಒಂಬತ್ತು, ನಲವತ್ತೆಂಟು

ಈ ಮೂರು ಅಂಕಿ ನೆನಪಿಟ್ಟುಕೊಂಡರೆ ಮುಕ್ಕಾಲು ಕಾನೂನು ಗೊತ್ತಾದಂತೆ.

1934ರ ಕಾರ್ಖಾನೆ ಕಾಯ್ದೆಯಲ್ಲಿ ವರ್ಷವಿಡೀ ನಡೆಯುವ ಕಾರ್ಖಾನೆಗಳಿಗೆ ವಾರಕ್ಕೆ 54 ಗಂಟೆ ಇತ್ತು. ಅದನ್ನು 48ಕ್ಕೆ ಇಳಿಸಿದ್ದು 1946ರ ತಿದ್ದುಪಡಿ. ಆಗ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿಕೊಳ್ಳುತ್ತಿದ್ದವರು ಡಾ. ಬಿ. ಆರ್. ಅಂಬೇಡ್ಕರ್. 1948ರ ಕಾರ್ಖಾನೆ ಕಾಯ್ದೆ ಅದನ್ನೇ ಉಳಿಸಿಕೊಂಡಿತು: ದಿನಕ್ಕೆ 9, ವಾರಕ್ಕೆ 48, ಇವೆರಡರಲ್ಲಿ ಯಾವುದು ದಾಟಿದರೂ ಡಬಲ್. ಐದು ಗಂಟೆಗಿಂತ ಹೆಚ್ಚು ಒಂದೇ ಸಮ ದುಡಿಸುವಂತಿರಲಿಲ್ಲ, ಅಷ್ಟರೊಳಗೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು.

ಅಂಗಡಿ, ಹೋಟೆಲ್, ಕಚೇರಿ, ಸಾಫ್ಟ್‌ವೇರ್ ಕಂಪನಿ ಇವೆಲ್ಲ ಕಾರ್ಖಾನೆಯಲ್ಲ. ಇವಕ್ಕೆ ನಮ್ಮಲ್ಲಿ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಅಲ್ಲೂ 9 ಮತ್ತು 48. ಓಟಿ ಸೇರಿ ದಿನಕ್ಕೆ 10 ಗಂಟೆ ದಾಟಬಾರದು, ಮೂರು ತಿಂಗಳಲ್ಲಿ ಓಟಿ 50 ಗಂಟೆ ಮೀರಬಾರದು. 2025ರಲ್ಲಿ ಇದನ್ನು ದಿನಕ್ಕೆ 10, ಓಟಿ ಸೇರಿ 12, ಮೂರು ತಿಂಗಳಿಗೆ 144 ಮಾಡುವ ಪ್ರಸ್ತಾಪ ಬಂದಾಗ ಐಟಿ ನೌಕರರ ಸಂಘಟನೆಗಳು ಬೀದಿಗಿಳಿದಿದ್ದವು. ನೀವು ಟಿವಿಯಲ್ಲಿ ನೋಡಿರಬಹುದು.

ಕಾರ್ಖಾನೆಗಳ ವಿಷಯದಲ್ಲಿ ಕರ್ನಾಟಕ ಮೊದಲೇ ಬದಲಾವಣೆ ಮಾಡಿಯಾಗಿತ್ತು. 2023ರ ತಿದ್ದುಪಡಿ ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿತು. ದಿನಕ್ಕೆ 12 ಗಂಟೆವರೆಗೂ ಶಿಫ್ಟ್ ಇಡೋಕೆ ದಾರಿ ಮಾಡಿತು. ಆದರೆ ವಾರದ 48 ಮಾತ್ರ ಅಲ್ಲಾಡಲಿಲ್ಲ. ವಾರಕ್ಕೆ ನಾಲ್ಕು ದಿನ ಅಂತ ಓಡಾಡುವ ಸುದ್ದಿಯ ಮೂಲ ಇಂಥ ಬದಲಾವಣೆಗಳೇ. ನಾಲ್ಕು ದಿನ ಅಷ್ಟುದ್ದ ದುಡಿದರೆ ಉಳಿದ ದಿನ ಸಂಬಳ ಸಹಿತ ರಜೆ. ನಾಲ್ಕು ದಿನವೂ ಹನ್ನೆರಡು ಗಂಟೆ ದುಡಿಸಿ ಐದನೇ ದಿನ 'ಸುಮ್ನೆ ಬಂದು ಹೋಗಿ' ಅಂದರೆ ಆ ಐದನೇ ದಿನ ಪೂರ್ತಿ ಡಬಲ್.

ಇನ್ನು ಹೊಸ ಸಂಹಿತೆಗಳು. ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿರುವುದು 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ. ಉದ್ದ ಹೆಸರು, ಇನ್ನು ಮುಂದೆ ಸುರಕ್ಷತಾ ಸಂಹಿತೆ ಅನ್ನುತ್ತೇನೆ. ಇದು ದಿನದ ಮಿತಿಯನ್ನು 8 ಗಂಟೆ ಅನ್ನುತ್ತದೆ. ಓಟಿಗೆ ಡಬಲ್ ಅನ್ನುತ್ತದೆ. ಜೊತೆಗೆ ಒಂದು ಮಾತನ್ನು ಸ್ಪಷ್ಟವಾಗಿ ಬರೆದಿಟ್ಟಿದೆ: ಕೆಲಸಗಾರರ ಒಪ್ಪಿಗೆ ಇಲ್ಲದೆ ಓಟಿ ಮಾಡಿಸುವಂತಿಲ್ಲ. ಸಂಬಳದ ವಿಷಯ ನೋಡಿಕೊಳ್ಳುವುದು 2019ರ ವೇತನ ಸಂಹಿತೆ. ಹೊಸ ನಿಯಮಗಳು ಪೂರ್ತಿ ಜಾರಿಗೆ ಬರುವವರೆಗೆ, ಸಂಹಿತೆಗೆ ವಿರುದ್ಧವಾಗದಷ್ಟು ಮಟ್ಟಿಗೆ ಹಳೆಯ ನಿಯಮಗಳೇ ನಡೆಯುತ್ತವೆ. ಅಂಗಡಿ ಕಾಯ್ದೆ ರಾಜ್ಯದ್ದು. ಅದನ್ನು ಈ ಸಂಹಿತೆಗಳು ತೆಗೆದುಹಾಕಿಲ್ಲ.

ದಿನದ ಲೆಕ್ಕವೋ ವಾರದ ಲೆಕ್ಕವೋ?

ಎಡವುವುದು ಇಲ್ಲೇ. ಮಂಜುಳಾ ಅಂತ ಒಬ್ಬರು ಇದ್ದಾರೆ ಅಂತಿಟ್ಟುಕೊಳ್ಳಿ, ಟೈಲರ್. ಬೆಳಗ್ಗೆ 9ರಿಂದ ಸಂಜೆ 5.30, ಮಧ್ಯೆ ಅರ್ಧ ಗಂಟೆ ಊಟ. ಕೈಗೆ ಎಂಟು ಗಂಟೆ ಕೆಲಸ. ಆರು ದಿನಕ್ಕೆ 48. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಏಳೂವರೆವರೆಗೆ ಕೂರಿಸಿಕೊಂಡರು. ದಿನಕ್ಕೆ ಹತ್ತು ಗಂಟೆ ಆಯಿತು, ಶನಿವಾರ ಎಂದಿನಂತೆ ಎಂಟು. ಒಟ್ಟು 58.

ಹಳೆಯ 9 ಗಂಟೆ ಮಿತಿಯಲ್ಲಿ ದಿನದ ಲೆಕ್ಕ ಹಾಕಿದರೆ ದಿನಕ್ಕೆ ಒಂದೇ ಗಂಟೆ ಓಟಿ, ವಾರಕ್ಕೆ ಐದು. ವಾರದ ಲೆಕ್ಕ ಹಾಕಿದರೆ 58ರಲ್ಲಿ 48 ಕಳೆದು ಹತ್ತು. ಯಾವುದು ಸರಿ? ಕೆಲಸಗಾರರಿಗೆ ಯಾವುದು ಜಾಸ್ತಿ ಬರುತ್ತದೋ ಅದು. ಸುರಕ್ಷತಾ ಸಂಹಿತೆ ಇದನ್ನು ನೇರವಾಗಿಯೇ ಹೇಳಿದೆ. ಹಾಗಾಗಿ ಮಂಜುಳಾ ಅವರಿಗೆ ಹತ್ತು ಗಂಟೆ.

ಈಗ ಇದರ ಉಲ್ಟಾ ನೋಡಿ. ಒಬ್ಬರು ಸೋಮವಾರ ಹನ್ನೊಂದು ಗಂಟೆ ದುಡಿದರು. ಗುರುವಾರ ಊರ ಹಬ್ಬಕ್ಕೆ ರಜೆ ಹಾಕಿದರು. ವಾರದ ಒಟ್ಟು 43 ಬಂತು, 48 ದಾಟಲೇ ಇಲ್ಲ. 'ವಾರಕ್ಕೆ 48 ಆಗಿಲ್ಲವಲ್ಲ, ಓಟಿ ಎಲ್ಲಿಂದ' ಅಂತ ಎಚ್‌ಆರ್ ಕೇಳಬಹುದು. ಆದರೆ ಸೋಮವಾರದ ಮಿತಿ ಸೋಮವಾರವೇ ದಾಟಿ ಹೋಗಿದೆ. ಗುರುವಾರದ ರಜೆಗೂ ಅದಕ್ಕೂ ಸಂಬಂಧ ಇಲ್ಲ.

ಮಂಜುಳಾ ಅವರ ಲೆಕ್ಕದಲ್ಲಿ ಇನ್ನೊಂದು ವಿಷಯ ಅಡಗಿದೆ. ವಾರಕ್ಕೆ ಹತ್ತು ಗಂಟೆ ಅಂದರೆ ಮೂರು ತಿಂಗಳ ಹದಿಮೂರು ವಾರಕ್ಕೆ 130. ಹಳೆಯ 75ರ ಮಿತಿಯಲ್ಲಿ ಡಬಲ್ ಕೊಟ್ಟರೂ ಇದು ತಪ್ಪು. 144ರ ಮಿತಿಯಲ್ಲಿ ತಪ್ಪಲ್ಲ. 2023ರ ತಿದ್ದುಪಡಿಗೆ ವಿರೋಧ ಬಂದದ್ದು ಯಾಕೆ ಅಂತ ಈಗ ಗೊತ್ತಾಗುತ್ತದೆ.

ಡಬಲ್ ಅಂದರೆ ಯಾವುದರ ಡಬಲ್?

ಮಂಜುಳಾ ಅವರ ಮೂಲವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 15,600 ರೂಪಾಯಿ ಅನ್ನಿ. ಭಾನುವಾರ ಬಿಟ್ಟು 26 ದಿನ ಅಂತ ಭಾಗಿಸುವುದು ರೂಢಿ. ದಿನಕ್ಕೆ 600. ಎಂಟರಿಂದ ಭಾಗಿಸಿದರೆ ಗಂಟೆಗೆ 75. ಓಟಿ ಗಂಟೆಗೆ 150. ವಾರದ ಹತ್ತು ಗಂಟೆಗೆ 1,500. 'ಸಿಂಗಲ್' ಕೊಟ್ಟರೆ 750. ನಾಲ್ಕು ವಾರಕ್ಕೆ 3,000 ರೂಪಾಯಿ ಕಳೆದುಕೊಂಡ ಹಾಗೆ, ಒಂದು ಮನೆಯ ರೇಷನ್ ದುಡ್ಡು.

26ರ ಬದಲು 30ರಿಂದ ಭಾಗಿಸುವವರೂ ಇದ್ದಾರೆ. ಆಗ ಗಂಟೆಗೆ 65 ಆಗುತ್ತದೆ. ಹತ್ತು ರೂಪಾಯಿ ತಾನೇ ಅನ್ನಬೇಡಿ, ಸಾವಿರ ಜನರಿಗೆ ಗುಣಿಸಿ ನೋಡಿ.

ಭತ್ಯೆಗಳದ್ದು ಸ್ವಲ್ಪ ಗೋಜಲು. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ ಓಟಿ ಲೆಕ್ಕಕ್ಕೆ ಮೂಲವೇತನದ ಜೊತೆ ಕೆಲಸಗಾರರಿಗೆ ಸಲ್ಲುವ ಭತ್ಯೆಗಳೂ ಸೇರುತ್ತಿದ್ದವು, ಬೋನಸ್ ಮತ್ತು ಓಟಿ ಮಾತ್ರ ಹೊರಗೆ. ಹೊಸ ಸಂಹಿತೆಯಲ್ಲಿ 'ವೇತನ' ಅಂದರೆ ಮೂಲವೇತನ, ತುಟ್ಟಿಭತ್ಯೆ ಇಂಥವು. ಮನೆ ಬಾಡಿಗೆ ಭತ್ಯೆ, ಓಡಾಟದ ಖರ್ಚು ಇವೆಲ್ಲ ಹೊರಗೆ. ಆದರೆ ಹೊರಗಿಟ್ಟದ್ದು ಒಟ್ಟು ಸಂಬಳದ ಅರ್ಧಕ್ಕಿಂತ ಜಾಸ್ತಿ ಆದರೆ, ಜಾಸ್ತಿ ಆದಷ್ಟನ್ನು ವೇತನಕ್ಕೇ ಸೇರಿಸಬೇಕು. 20,000 ಸಂಬಳದಲ್ಲಿ ಮೂಲವೇತನ 6,000 ಅಂತ ತೋರಿಸಿ ಉಳಿದ 14,000ವನ್ನು ಭತ್ಯೆ ಅಂದರೆ, ಆ 14,000ದಲ್ಲಿ 4,000 ವಾಪಸ್ ಬಂದು ವೇತನ 10,000 ಆಗುತ್ತದೆ. ಮೂಲವೇತನವನ್ನು ಬೋನ್ಸಾಯ್ ಗಿಡದ ಹಾಗೆ ಕುಳ್ಳಾಗಿ ಇಡುವ ಆಟಕ್ಕೆ ಇದು ಕಡಿವಾಣ. ಆದರೆ ಭತ್ಯೆಗಳೆಲ್ಲ ಸೇರುತ್ತಿದ್ದ ಹಳೆಯ ಲೆಕ್ಕಕ್ಕೆ ಹೋಲಿಸಿದರೆ ಕೆಲವರ ಓಟಿ ದರ ಇಳಿಯಲೂಬಹುದು. ಅದನ್ನೂ ಹೇಳಬೇಕು.

ಪುಸ್ತಕ ಬರೆಯುವುದು ಯಾರ ಕೆಲಸ?

ಈಗ ಮೊದಲು ಹೇಳಿದ ಎರಡನೇ ತಪ್ಪಿಗೆ ಬರೋಣ.

ಹಳ್ಳಿಯ ಹಾಲಿನ ಡೈರಿ ನೋಡಿದ್ದೀರಲ್ಲ. ಹಾಲು ಅಳೆಯುವವರು ಡೈರಿಯವರು, ಪುಸ್ತಕದಲ್ಲಿ ಬರೆಯುವವರೂ ಅವರೇ. ಹಾಗಂತ ರೈತರ ಕೈ ಖಾಲಿ ಇರುವುದಿಲ್ಲ. ಇಷ್ಟು ಲೀಟರ್, ಇಷ್ಟು ಫ್ಯಾಟ್ ಅಂತ ಅವರ ಪಾಸ್‌ಬುಕ್ಕಿನಲ್ಲೋ ಚೀಟಿಯಲ್ಲೋ ಇರುತ್ತದೆ. ಕೆಲಸದ ಗಂಟೆಯದ್ದೂ ಇದೇ ವ್ಯವಸ್ಥೆ. ಅಳೆದು ಬರೆದಿಡುವುದು ಮಾಲೀಕರ ಹೊಣೆ. ಅದರ ಚೀಟಿ ಕೆಲಸಗಾರರಿಗೆ ಸೇರಬೇಕು. ಆ ಚೀಟಿಯೇ ಪೇ ಸ್ಲಿಪ್.

ಕಾಗದವೋ ಕಂಪ್ಯೂಟರೋ, ಯಾವುದರಲ್ಲಿ ಬರೆದರೂ ನಡೆಯುತ್ತದೆ. ಯಾರು ಕೆಲಸಕ್ಕಿದ್ದಾರೆ, ಯಾವ ದಿನ ಬಂದರು, ಎಷ್ಟು ಹೊತ್ತು ದುಡಿದರು, ಎಷ್ಟು ಕೊಟ್ಟರು, ಯಾವುದಕ್ಕೆ ಎಷ್ಟು ಹಿಡಿದುಕೊಂಡರು ಅನ್ನುವುದು ಇರಬೇಕು. ಕರ್ನಾಟಕದ ಲೆಕ್ಕಪತ್ರದವರಿಗೆ ಹಳೆಯ ಪರಿಚಯದ 'ಫಾರ್ಮ್ ಟಿ' ಅಂದರೆ ಹಾಜರಿ ಮತ್ತು ಸಂಬಳ ಎರಡೂ ಒಂದೇ ಕಡೆ ಇರುವ ರಿಜಿಸ್ಟರ್. ಸಂಬಳದ ದರ, ಕೊಡುವ ದಿನ ಇವನ್ನು ಕೆಲಸದ ಜಾಗದಲ್ಲಿ ನೋಟಿಸ್ ಬೋರ್ಡಿಗೆ ಹಾಕಬೇಕು ಅಂತಲೂ ವೇತನ ಸಂಹಿತೆ ಹೇಳುತ್ತದೆ. ಎಷ್ಟು ಕಡೆ ಆ ಬೋರ್ಡು ಕ್ಯಾಂಟೀನಿನ ಹಿಂದೆ ಬೀರುವಿನ ಮರೆಯಲ್ಲಿ ಇರುತ್ತದೆ ಅನ್ನುವುದು ಬೇರೆ ಕಥೆ.

ಹಳೆಯ ಕಾರ್ಖಾನೆ ಕಾಯ್ದೆಯ ಒಂದು ಜಾಣತನ ನನಗೆ ತುಂಬ ಇಷ್ಟ. ಯಂತ್ರ ಓಡುತ್ತಿರುವಾಗ, ಊಟದ ಬಿಡುವನ್ನು ಬಿಟ್ಟು, ಕಾರ್ಖಾನೆಯೊಳಗೆ ಯಾರಾದರೂ ಕಂಡರೆ ಅವರು ಕೆಲಸದಲ್ಲಿದ್ದಾರೆ ಅಂತಲೇ ಎಣಿಸಬೇಕು. ಅಲ್ಲ ಅನ್ನುವುದಾದರೆ ಮಾಲೀಕರೇ ತೋರಿಸಬೇಕು. 'ಅವರು ಥಂಬ್ ಹಾಕಿ ಆಗಿದೆ ಸಾರ್, ಸುಮ್ನೆ ಸ್ನೇಹಿತರಿಗೆ ಕಾಯುತ್ತಾ ಕೂತಿದ್ದಾರೆ' ಅನ್ನುವ ಉತ್ತರ ಬರುತ್ತದೆ ಅಂತ ಬರೆದವರಿಗೆ ಮೊದಲೇ ಗೊತ್ತಿತ್ತೇನೋ.

ವೇತನ ಸಂಹಿತೆಯೂ ಅದೇ ದಾರಿ ಹಿಡಿದಿದೆ. ಸಂಬಳ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಅಂತ ಕೆಲಸಗಾರರು ದೂರು ಕೊಟ್ಟರೆ, ಕೊಟ್ಟಿದ್ದೇವೆ ಅಂತ ಸಾಬೀತು ಮಾಡುವ ಭಾರ ಮಾಲೀಕರ ಮೇಲೆ. ಇದರ ಅರ್ಥ ನೋಡಿ. ಪುಸ್ತಕ ಸರಿಯಾಗಿ ಇಡದಿದ್ದರೆ ಹತ್ತು ಸಾವಿರದವರೆಗೆ ದಂಡ, ಅದು ಚಿಲ್ಲರೆ ದುಡ್ಡು. ನಿಜವಾದ ಪೆಟ್ಟು ಬೀಳುವುದು ಆಮೇಲೆ, ಕೆಲಸಗಾರರ ಲೆಕ್ಕದ ಎದುರು ಇಡೋಕೆ ಮಾಲೀಕರ ಹತ್ತಿರ ಪುಸ್ತಕವೇ ಇಲ್ಲದಾಗ. ಹತ್ತು ಹದಿನೈದು ಜನ ಇಟ್ಟುಕೊಂಡು ವರ್ಕ್‌ಶಾಪ್ ನಡೆಸುವವರು ಇದನ್ನು ಓದುತ್ತಿದ್ದರೆ, ದಿನಾ ಒಳಗೆ ಬಂದ ಹೊತ್ತು, ಹೊರಗೆ ಹೋದ ಹೊತ್ತು ಬರೆದು ಸಹಿ ಹಾಕಿಸಿಕೊಳ್ಳುವುದು ನಿಮ್ಮದೇ ವಿಮೆ ಅಂದುಕೊಳ್ಳಿ.

ಪುಸ್ತಕದ ಇನ್ನೊಂದು ತಕರಾರು ಕರೆಂಟ್ ಹೋದಾಗ ಬರುತ್ತದೆ. ಮೂರು ಗಂಟೆ ಮಷೀನ್ ನಿಂತಿತು, 'ಆ ಮೂರು ಗಂಟೆ ಭಾನುವಾರ ಬಂದು ಮಾಡಿಕೊಡಿ' ಅನ್ನುತ್ತಾರೆ. ಕನಿಷ್ಠ ವೇತನ ನಿಗದಿಯಾದ ಕೆಲಸದಲ್ಲಿ, ಕೆಲಸಗಾರರು ತಯಾರಿದ್ದೂ ಮಾಲೀಕರು ಕೆಲಸ ಕೊಡಲಾಗದಿದ್ದರೆ ಆ ದಿನದ ಪೂರ್ತಿ ಕೂಲಿ ಕೊಡಬೇಕು. ಆ ದಿನ ಅಲ್ಲಿಗೆ ಮುಗಿಯಿತು. ಭಾನುವಾರದ ದುಡಿಮೆಯ ಲೆಕ್ಕ ಬೇರೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ: ನರಸಾಪುರ, 2020

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆ ಇತ್ತು. 2020ರ ಡಿಸೆಂಬರ್ 12ರ ಬೆಳಗ್ಗೆ ಅಲ್ಲಿ ಗಾಜು ಒಡೆದವು, ವಾಹನಗಳು ಉರುಳಿದವು. ಸಂಬಳ, ಓಟಿ ಸರಿಯಾಗಿ ಬಂದಿಲ್ಲ ಅನ್ನುವುದು ಕೆಲಸಗಾರರ ಸಿಟ್ಟು. ಕೆಲವರಿಗೆ ಸರಿಯಾಗಿ, ಹೊತ್ತಿಗೆ ಸರಿಯಾಗಿ ಸಂಬಳ ಆಗಿಲ್ಲ ಅಂತ ಕಂಪನಿಯೇ ಒಪ್ಪಿಕೊಂಡಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ನಿಲ್ಲಿಸಿತು. ಆ್ಯಪಲ್ ಕೊಟ್ಟ ಕಾರಣ ಗಮನಿಸಿ: ಕೆಲಸದ ಗಂಟೆಗಳನ್ನು ನಿರ್ವಹಿಸುವ ವ್ಯವಸ್ಥೆಯೇ ಸರಿ ಇರಲಿಲ್ಲ, ಅದರಿಂದಾಗಿ ಅಕ್ಟೋಬರ್ ಮತ್ತು ನವೆಂಬರ್ ಸಂಬಳ ಕೆಲವರಿಗೆ ತಡವಾಯಿತು.

ಅದೇ ವರ್ಷ ಕೊರೊನಾ ನೆಪದಲ್ಲಿ ರಾಜ್ಯ ಸರ್ಕಾರಗಳೂ ಗಂಟೆಗೆ ಕೈ ಹಾಕಿದ್ದವು. ಕರ್ನಾಟಕ ಮೇ 22ರಂದು ಕಾರ್ಖಾನೆಗಳಿಗೆ ದಿನಕ್ಕೆ 10, ವಾರಕ್ಕೆ 60 ಗಂಟೆ ಅಂತ ಆದೇಶ ಮಾಡಿ, ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ವಾಪಸ್ ಪಡೆಯಿತು. ಗುಜರಾತ್ ಇನ್ನೂ ಮುಂದೆ ಹೋಗಿ ದಿನಕ್ಕೆ 12, ವಾರಕ್ಕೆ 72 ಗಂಟೆ, ಓಟಿಗೆ ಡಬಲ್ ಬೇಡ ಅಂದಿತ್ತು. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಬಾಕಿ ಓಟಿ ಕೊಡಿ ಅಂತ ಹೇಳಿತು.

ಯಾರಿಗೆ ಸಿಗುತ್ತದೆ, ಯಾರಿಗೆ ಇಲ್ಲ

ಎಲ್ಲರಿಗೂ ಓಟಿ ಇಲ್ಲ. ಆಡಳಿತ ನಡೆಸುವ ಸ್ಥಾನದಲ್ಲಿರುವವರು ಅಂಗಡಿ ಕಾಯ್ದೆಯಲ್ಲೂ ಹೊರಗೆ, ಸುರಕ್ಷತಾ ಸಂಹಿತೆಯಲ್ಲೂ ಹೊರಗೆ. ತಿಂಗಳಿಗೆ 18,000ಕ್ಕಿಂತ ಜಾಸ್ತಿ ಸಂಬಳದ ಸೂಪರ್‌ವೈಸರ್‌ಗಳೂ ಸಂಹಿತೆಯ 'ಕೆಲಸಗಾರ' ಅನ್ನುವ ಪದದೊಳಗೆ ಬರುವುದಿಲ್ಲ. ಅದಕ್ಕೇ ಕೆಲವು ಕಡೆ ಕಾಗದದ ಮೇಲೆ ಎಲ್ಲರೂ 'ಎಕ್ಸಿಕ್ಯೂಟಿವ್'. ಆದರೆ ಕೋರ್ಟುಗಳು ನೋಡುವುದು ಮಾಡುವ ಕೆಲಸವನ್ನು, ಐಡಿ ಕಾರ್ಡಿನ ಮೇಲಿನ ಹೆಸರನ್ನಲ್ಲ. ಯಾರಿಗೂ ರಜೆ ಮಂಜೂರು ಮಾಡುವ ಅಧಿಕಾರ ಇಲ್ಲದ, ದಿನವಿಡೀ ಬಿಲ್ ಹಾಕುವ 'ಅಸಿಸ್ಟೆಂಟ್ ಮ್ಯಾನೇಜರ್' ನಿಜವಾಗಿ ಮ್ಯಾನೇಜರ್ ಅಲ್ಲ.

ಐಟಿಯವರಿಗೆ ಕಾರ್ಮಿಕ ಕಾಯ್ದೆಯೇ ಇಲ್ಲ ಅನ್ನುವ ನಂಬಿಕೆ ಇದೆ. ಕರ್ನಾಟಕ ಅವರಿಗೆ ವರ್ಷಗಳಿಂದ ವಿನಾಯಿತಿ ಕೊಟ್ಟಿದ್ದು, ಕೆಲಸದ ಷರತ್ತು ಮತ್ತು ಶಿಸ್ತಿನ ನಿಯಮಗಳನ್ನು ಬರೆದಿಡಬೇಕು ಅನ್ನುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ, ಕೆಲಸದ ಗಂಟೆಯಿಂದ ಅಲ್ಲ. ಇಪ್ಪತ್ನಾಲ್ಕು ಗಂಟೆ ತೆರೆದಿರುವ ಅಂಗಡಿಗಳ ವಿಷಯದಲ್ಲೂ ಇದೇ ಗೊಂದಲ. 2021ರ ಜನವರಿಯಲ್ಲಿ ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಅಂಗಡಿಗಳಿಗೆ ಹಗಲೂ ರಾತ್ರಿ ತೆರೆದಿರೋಕೆ ಅನುಮತಿ ಸಿಕ್ಕಿತು. ಅಂಗಡಿಗೆ ಸಿಕ್ಕಿದ ಅನುಮತಿ ಅದು. ಒಬ್ಬೊಬ್ಬ ಕೆಲಸಗಾರರಿಗೆ ದಿನಕ್ಕೆ 8, ವಾರಕ್ಕೆ 48 ಅನ್ನುವ ಷರತ್ತು ಅದೇ ಆದೇಶದಲ್ಲಿತ್ತು.

ಕಾಂಟ್ರಾಕ್ಟ್ ಮೇಲೆ ಇರುವವರು 'ನಿಮ್ಮ ಓಟಿ ಕಾಂಟ್ರಾಕ್ಟರನ್ನು ಕೇಳಿ' ಅನ್ನುವ ಮಾತು ಕೇಳಿಯೇ ಇರುತ್ತಾರೆ. ಕೇಳಬೇಕಾದದ್ದು ಮೊದಲು ಅವರನ್ನೇ, ಸರಿ. ಅವರು ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆ ಕೊಡಬೇಕು.

ಬಂದಿಲ್ಲ ಅಂದರೆ

ಮೊದಲು ನಿಮ್ಮದೇ ಲೆಕ್ಕ ಇರಲಿ. ಫೋನಿನಲ್ಲೋ ಮಗುವಿನ ಹಳೆ ನೋಟ್‌ಬುಕ್ಕಿನಲ್ಲೋ ದಿನಾಂಕ, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟದ ಬಿಡುವು ಇಷ್ಟು ಸಾಕು. ಅವತ್ತಿಂದವತ್ತಿಗೇ ಬರೆಯಿರಿ. ತಿಂಗಳ ಕೊನೆಗೆ ನೆನಪಿಸಿಕೊಂಡು ಬರೆದದ್ದು ಯಾರ ಮುಂದೆಯೂ ನಿಲ್ಲುವುದಿಲ್ಲ. ಥಂಬ್ ಹಾಕಿದ ಮೇಲೆ ಕೂತ ಹೊತ್ತನ್ನು ಬೇರೆಯಾಗಿ ಗುರುತು ಹಾಕಿ. ಸೂಪರ್‌ವೈಸರ್ ಗ್ರೂಪಿನಲ್ಲಿ 'ಇವತ್ತು ಎಲ್ಲರೂ ಎಂಟರವರೆಗೆ' ಅಂತ ಹಾಕಿದ ಮೆಸೇಜ್ ಅಳಿಸಬೇಡಿ, ಅದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ. ಪೇ ಸ್ಲಿಪ್‌ಗಳನ್ನು ಒಂದು ಕಡೆ ಇಡಿ.

ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಆಗಬೇಕು. ಕೆಲಸ ಬಿಟ್ಟರೆ ಅಥವಾ ಬಿಡಿಸಿದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಚುಕ್ತಾ ಆಗಬೇಕು. ಆಗಲಿಲ್ಲ ಅಂದರೆ ಕಾರ್ಮಿಕ ಇಲಾಖೆ. ಬೆಂಗಳೂರಿನಲ್ಲಿ ಅದರ ಮುಖ್ಯ ಕಚೇರಿ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನ, ಜಿಲ್ಲೆಗಳಲ್ಲಿ ಜನ 'ಲೇಬರ್ ಆಫೀಸ್' ಅನ್ನುವ ಕಚೇರಿ. ಕಾರ್ಖಾನೆಯ ಗಂಟೆ, ಶಿಫ್ಟ್, ಸುರಕ್ಷತೆಯ ತಕರಾರಿಗೆ ಕಾರ್ಖಾನೆಗಳ ಇಲಾಖೆ ಬೇರೆ ಇದೆ. ದೂರು ನೀವೇ ಕೊಡಬಹುದು, ನಿಮ್ಮ ಯೂನಿಯನ್ ಕೊಡಬಹುದು, ಇನ್‌ಸ್ಪೆಕ್ಟರ್ ಕೂಡ ಕೊಡಬಹುದು.

ಸಮಯದ ವಿಷಯದಲ್ಲಿ ಹೊಸ ಸಂಹಿತೆ ನಿಜಕ್ಕೂ ಉದಾರ. ಹಳೆಯ ಕನಿಷ್ಠ ವೇತನ ಕಾಯ್ದೆಯಲ್ಲಿ ಆರು ತಿಂಗಳೊಳಗೆ, ವೇತನ ಪಾವತಿ ಕಾಯ್ದೆಯಲ್ಲಿ ಒಂದು ವರ್ಷದೊಳಗೆ ಕೇಳಬೇಕಿತ್ತು. ಈಗ ಮೂರು ವರ್ಷ. ಬಾಕಿಯ ಮೇಲೆ ಅದರ ಹತ್ತು ಪಟ್ಟುವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಇದೆ. ಕಡಿಮೆ ಕೊಟ್ಟ ಮಾಲೀಕರಿಗೆ 50,000ವರೆಗೆ ದಂಡ. ಐದು ವರ್ಷದೊಳಗೆ ಮತ್ತೆ ಅದೇ ತಪ್ಪು ಮಾಡಿದರೆ ಮೂರು ತಿಂಗಳವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಮಂಜುಳಾ ಅವರಿಗೆ ತಿಂಗಳಿಗೆ 3,000 ಬಾಕಿ ಇತ್ತಲ್ಲ, ಮೂರು ವರ್ಷಕ್ಕೆ ಅದು 1,08,000 ರೂಪಾಯಿ. ನೋಟ್‌ಬುಕ್ ಇದ್ದರೆ.